ಸರ್ ಬಿಟ್ಟುಹೋದ ಕಲ್ಲುಗಳನ್ನು ಏನು ಮಾಡೋಣ?

ಪ್ರಶ್ನೆ: ನಮ್ಮ ಮಾವನವರು ಪುಣೆಯಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಭೂವಿಜ್ಞಾನ ಕಲಿಸಿದವರು. ಮೂಲ ವಿಜಯಪುರ ಜಿಲ್ಲೆ. ಖನಿಜಗಳೆಂದರೆ ಅವರಿಗೆ ಪ್ರಾಣ. ಕೊನೆಯ ಆರು ತಿಂಗಳು ಮನೆಯಲ್ಲೇ ಆಕ್ಸಿಜನ್ ಮೆಷಿನ್ ಹಚ್ಚಿಕೊಂಡಿದ್ದರು. ಹೋದ ತಿಂಗಳು ತೀರಿಕೊಂಡರು. ಕೋಥರೂಡಿನ ನಮ್ಮ ಹಳೇ ಬಿಲ್ಡಿಂಗನ್ನು ಒಡೆದು ಹೊಸದು ಕಟ್ಟುತ್ತಾರೆ. ನಾಲ್ಕು ತಿಂಗಳಲ್ಲಿ ಮನೆ ಖಾಲಿ ಮಾಡಬೇಕು. ಅವರ ಕೋಣೆಯಲ್ಲಿ ಹದಿನಾಲ್ಕು ಪೆಟ್ಟಿಗೆ ಕಲ್ಲುಗಳಿವೆ. ಸಣ್ಣವು ಬೆಂಕಿಪೊಟ್ಟಣದಲ್ಲಿ, ದೊಡ್ಡವು ಪೇಪರಿನಲ್ಲಿ ಸುತ್ತಿವೆ. ಸಿಕ್ಕಾಪಟ್ಟೆ ಧೂಳು. ತೊಳೆಯಬಹುದೇ? ಹತ್ತಿಯ ಹಾಗೆ ಎಳೆಎಳೆಯಾಗಿರುವ ಕಲ್ಲುಗಳೂ ಇವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಅಪಾಯ ಏನಾದರೂ ಇದೆಯೇ? ಮಾರಿಬಿಡಿ ಅಂತ ಕೆಲವರು, ಅವರ ಹೆಸರಲ್ಲಿ ಬಹುಮಾನ ಇಡಿ ಅಂತ ಕೆಲವರು. ನಮಗೆ ಅವರ ನೆನಪು ಉಳಿಯಬೇಕು, ಅಷ್ಟೇ. ಇನ್ನೊಂದು ಮಾತು. 212 ಅಂತ ನಂಬರ್ ಇರುವ ಬೆಂಕಿಪೊಟ್ಟಣದಲ್ಲಿ ಚೀಟಿ ಇದೆ, ಕಲ್ಲಿಲ್ಲ. ಯಾರಾದರೂ ತೆಗೆದುಕೊಂಡು ಹೋಗಿರಬಹುದೇ?

ಉತ್ತರ:

ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ನೀವು ಹೆಸರು ಬರೆದಿದ್ದೀರಿ, ನಾನು ಇಲ್ಲಿ ಬರೆಯುವುದಿಲ್ಲ. ಅವರು ನನಗೂ ಸರ್. 1987ರಿಂದ ಎರಡು ವರ್ಷ ಅವರ ಕ್ಲಾಸಿನಲ್ಲಿ ಕೂತಿದ್ದೇನೆ. ಮೊದಲ ಕೆಲಸ ಬೇರೆ ಊರಿನಲ್ಲಿ, ಆಮೇಲೆ ಇದೇ ಊರಿನಲ್ಲಿ ಅಂತರ್ಜಲದ ಕೆಲಸ ಮಾಡಿಕೊಂಡು ಬಂದೆ. ಬಾವಿ ಎಲ್ಲಿ ತೋಡಬೇಕು ಅಂತ ಹೇಳುವಾಗಲೆಲ್ಲ ಅವರು ಕಲಿಸಿದ್ದೇ ಕೈಗೆ ಬರುತ್ತಿತ್ತು. ಸರ್ ಹೋದ ಸುದ್ದಿ ನನಗೆ ತಡವಾಗಿ ತಿಳಿಯಿತು. ಆಗ ಬರಲು ಆಗಲಿಲ್ಲ, ಕ್ಷಮಿಸಿ.

ಮೊದಲು ತುರ್ತಿನ ಮಾತು. ಇವತ್ತಿನಿಂದ ಆ ಕೋಣೆಯಲ್ಲಿ ಕಸಬರಿಗೆ ಆಡಿಸಬೇಡಿ. ಕಲ್ಲುಗಳನ್ನು ತೊಳೆಯಬೇಡಿ. ಬಣ್ಣ ನೋಡಿ ಬೇರೆಬೇರೆ ಗುಂಪು ಮಾಡಬೇಡಿ. ಹಳೇ ಪೇಪರ್ ಬಿಸಾಕಿ ಹೊಸ ಪೇಪರಿನಲ್ಲಿ ಸುತ್ತಬೇಡಿ. ಮುಖ್ಯವಾಗಿ, ಯಾವ ಚೀಟಿಯನ್ನೂ ಅದರ ಕಲ್ಲಿನಿಂದ ಬೇರೆ ಮಾಡಬೇಡಿ. ಬಸ್ ಟಿಕೆಟಿನ ಹಿಂದೆ ಗೀಚಿದ್ದಿರಲಿ, ಮದುವೆ ಕಾರ್ಡಿನ ಚೂರಿರಲಿ, ಬೆಂಕಿಪೊಟ್ಟಣದ ತಳದಲ್ಲಿ ಪೆನ್ಸಿಲಿನಲ್ಲಿ ಬರೆದದ್ದಿರಲಿ. ಅವು ಕಸವಲ್ಲ. ನಿಮ್ಮ ಮಾವನವರ ಮೂವತ್ತು ವರ್ಷದ ಕೆಲಸ ಆ ಚೀಟಿಗಳಲ್ಲೇ ಇದೆ. ಕಲ್ಲು ಭೂಮಿ ಮಾಡಿದ್ದು, ಚೀಟಿ ಅವರು ಮಾಡಿದ್ದು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಬಹಳ ಹಿಂದೆ ಒಂದು ಕಾಲೇಜಿಗೆ ಯಾವುದೋ ಕೆಲಸಕ್ಕೆ ಹೋಗಿದ್ದೆ. ಆ ಊರು, ಆ ಕಾಲೇಜು ಯಾವುದು ಅನ್ನುವುದು ಬೇಡ. ಅಲ್ಲಿಯ ಒಬ್ಬ ಹಿರಿಯ ಮೇಷ್ಟ್ರು ಜೀವನವಿಡೀ ಕೂಡಿಸಿದ್ದ ಕಲ್ಲುಗಳು ಗಾಜಿನ ಕಪಾಟಿನಲ್ಲಿದ್ದವು. ಅವರು ತೀರಿಕೊಂಡ ಮರುವರ್ಷ ಸುಣ್ಣಬಣ್ಣ ಮಾಡಿಸಿದರು. ಕಪಾಟು ಸರಿಸಲು ಕಲ್ಲುಗಳನ್ನೆಲ್ಲ ಬುಟ್ಟಿಗೆ ಸುರಿದರು. ಚೀಟಿಗಳು ಸುಣ್ಣದ ಜೊತೆ ಗುಡಿಸಿಹೋದವು. ನಾನು ಹೋದಾಗ ಆ ಕಲ್ಲುಗಳು ಕಾಲೇಜಿನ ಹೂದೋಟದ ಅಂಚಿಗೆ ಸಾಲಾಗಿ ನಿಂತಿದ್ದವು. ಹ್ಯೂಲಂಡೈಟ್ ಅನ್ನುವ ಹರಳಿನ ಒಂದು ಒಳ್ಳೆಯ ತುಂಡಿನ ಮೇಲೆ ಪೈಪಿನ ನೀರು ಬೀಳುತ್ತಿತ್ತು. ಯಾರೂ ಬೇಕಂತ ಮಾಡಿದ್ದಲ್ಲ. ಆದರೆ ಯಾವ ಕಲ್ಲು ಯಾವ ಗುಡ್ಡದ್ದು ಅಂತ ಹೇಳಬಲ್ಲವರು ಆಮೇಲೆ ಒಬ್ಬರೂ ಉಳಿಯಲಿಲ್ಲ. ಆ ದಿನ ವಾಪಸ್ ಬಂದು ಸರ್ ಹತ್ತಿರ ಹೇಳಿದೆ. ಅವರು ಏನೂ ಅನ್ನಲಿಲ್ಲ. ಎದ್ದು ಹೋಗಿ ತಮ್ಮ ಒಂದು ಡ್ರಾಯರ್ ತೆಗೆದು, ಒಂದೊಂದೇ ಚೀಟಿ ಸರಿಯಾಗಿದೆಯಾ ಅಂತ ನೋಡತೊಡಗಿದರು.

ಈಗ ಆ ಪೆಟ್ಟಿಗೆಗಳಲ್ಲಿ ಏನಿದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಏನಿದೆ ಅಂತ ಗೊತ್ತಾದರೆ ಏನು ಮಾಡಬೇಕು ಅನ್ನುವುದೂ ಅರ್ಧ ಗೊತ್ತಾದ ಹಾಗೆ.

ಪುಣೆ ಕೂತಿರುವುದು ಲಾವಾದ ಮೇಲೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಇಲ್ಲಿ ನೆಲ ಬಿರಿದು ಲಾವಾ ಹರಿಯಿತು. ಒಂದು ಸಲವಲ್ಲ, ಒಂದರ ಮೇಲೊಂದು ಎಷ್ಟೋ ಸಲ. ಸಹ್ಯಾದ್ರಿಯಲ್ಲಿ ಈ ಪದರಗಳ ಒಟ್ಟು ದಪ್ಪ 2 ಕಿಲೋಮೀಟರಿಗೂ ಜಾಸ್ತಿ. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲ ಇದರ ಅಡಿಯಲ್ಲಿದೆ. ಇದನ್ನೇ ಡೆಕ್ಕನ್ ಟ್ರ್ಯಾಪ್ ಅನ್ನುತ್ತಾರೆ. ಟ್ರ್ಯಾಪ್ ಅನ್ನುವ ಮಾತು ಸ್ವೀಡಿಷ್ ಭಾಷೆಯ ಮೆಟ್ಟಿಲು ಅನ್ನುವ ಪದದಿಂದ ಬಂತು. ಸಿಂಹಗಡವನ್ನು ದೂರದಿಂದ ನೋಡಿ, ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಅಲ್ವಾ? ಈ ಕಲ್ಲು ಮಹಾರಾಷ್ಟ್ರದ ಗಡಿಗೆ ಬಂದು ನಿಲ್ಲುವುದಿಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ತನಕ ಬರುತ್ತದೆ. ಗೋಳಗುಮ್ಮಟ ಕಟ್ಟಿದ್ದು ಇದೇ ಕರಿಕಲ್ಲಿನಲ್ಲಿ. ಜೋಳ ಬೆಳೆಯುವ ನಮ್ಮ ಎರೆಭೂಮಿ ಇದೇ ಕಲ್ಲು ಸವೆದು ಆದ ಮಣ್ಣು. ಮೊದಲ ದಿನ ಕ್ಲಾಸಿನಲ್ಲಿ ನಾನೂ ಆ ಕಡೆಯವನು ಅಂದಾಗ ಸರ್ ನನಗೆ ಹೇಳಿದ್ದು ಇದನ್ನೇ. ನೀನು ಊರು ಬಿಟ್ಟು ಬಂದಿಲ್ಲ, ಅದೇ ಬಂಡೆಯ ಈ ಕಡೆಗೆ ಬಂದಿದ್ದೀಯ ಅಂತ. ಹಾಸ್ಟೆಲಿನಲ್ಲಿ ಮನೆ ನೆನಪಾಗಿ ಕಂಗಾಲಾಗಿದ್ದ ಹುಡುಗನಿಗೆ ಆ ಮಾತು ಎಷ್ಟು ಧೈರ್ಯ ಕೊಟ್ಟಿತು ಅಂತ ಅವರಿಗೆ ನಾನು ಯಾವತ್ತೂ ಹೇಳಲಿಲ್ಲ.

ಲಾವಾ ಆರುವಾಗ ಅದರೊಳಗಿನ ಅನಿಲ ಗುಳ್ಳೆಗಳಾಗಿ ಮೇಲೆ ಬರುತ್ತದೆ. ಗಟ್ಟಿಯಾದ ಮೇಲೆ ಆ ಗುಳ್ಳೆಗಳು ಖಾಲಿ ಗೂಡುಗಳಾಗಿ ಉಳಿಯುತ್ತವೆ. ಕೆಲವು ಸಾಸಿವೆಯಷ್ಟು, ಕೆಲವು ಮನುಷ್ಯ ಬಗ್ಗಿ ಒಳಗೆ ಹೋಗುವಷ್ಟು. ಆಮೇಲೆ ಬಿಸಿನೀರು ಬಂಡೆಯೊಳಗೆ ಇಳಿದು, ಕಲ್ಲಿನಿಂದ ಕ್ಯಾಲ್ಸಿಯಂ, ಸೋಡಿಯಂ, ಅಲ್ಯೂಮಿನಿಯಂ, ಸಿಲಿಕಾ ಕರಗಿಸಿಕೊಂಡು ಆ ಗೂಡುಗಳಿಗೆ ತರುತ್ತದೆ. ಅಲ್ಲಿ ನಿಧಾನವಾಗಿ ಹರಳು ಬೆಳೆಯುತ್ತದೆ. ಸಾಮಾನ್ಯವಾಗಿ ಮೊದಲು ಗೋಡೆಗೆ ಹಸಿರು ಜೇಡಿಯ ತೆಳ್ಳನೆ ಪದರ. ಅದರ ಮೇಲೆ ಹ್ಯೂಲಂಡೈಟ್, ಸ್ಟಿಲ್ಬೈಟ್. ಅದರ ಮೇಲೆ ಅಪೋಫಿಲೈಟ್, ಕ್ಯಾಲ್ಸೈಟ್. ಒಂದು ಮುಗಿದ ಮೇಲೆ ಇನ್ನೊಂದು, ಮಧ್ಯೆ ಕೆಲವೊಮ್ಮೆ ಎಷ್ಟೋ ಲಕ್ಷ ವರ್ಷ. ಯಾವುದು ಯಾವುದರ ಮೇಲೆ ಕೂತಿದೆ ಅಂತ ನೋಡಿದರೆ ಬಂದ ಸರದಿ ತಿಳಿಯುತ್ತದೆ. ಸರ್ ಲೆನ್ಸ್ ಕೈಗೆ ಕೊಟ್ಟು ಕೇಳುತ್ತಿದ್ದ ಮೊದಲ ಪ್ರಶ್ನೆ ಇದರ ಹೆಸರೇನು ಅಂತಲ್ಲ, ಇಲ್ಲಿ ಮೊದಲು ಬಂದದ್ದು ಯಾರು ಅಂತ. ಹರಳುಗಳನ್ನು ಅವರು ಯಾವಾಗಲೂ ಯಾರು ಅಂತಲೇ ಕೇಳುತ್ತಿದ್ದರು.

ನಿಮ್ಮ ಪೆಟ್ಟಿಗೆಯ ಹೆಚ್ಚಿನ ಕಲ್ಲುಗಳು ಜಿಯೋಲೈಟ್ ಅನ್ನುವ ಗುಂಪಿನವು. 1756ರಲ್ಲಿ ಕ್ರೋನ್‌ಸ್ಟೆಟ್ ಅನ್ನುವ ಸ್ವೀಡನ್ನಿನ ಖನಿಜತಜ್ಞ ಈ ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಕುದಿಯುವ ಕಲ್ಲು ಅಂತ ಅರ್ಥ. ಯಾಕೆ ಹಾಗೆಂದ ಅನ್ನುವುದನ್ನು ಸರ್ ಪ್ರತಿವರ್ಷ ಮಾಡಿ ತೋರಿಸುತ್ತಿದ್ದರು. ಒಂದು ಒಣ ಪ್ರನಾಳದೊಳಗೆ ಸ್ಟಿಲ್ಬೈಟಿನ ಚೂರು ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿಯುತ್ತಿದ್ದರು. ಚೂರು ಮೆಲ್ಲಗೆ ಉಬ್ಬುತ್ತಿತ್ತು. ಅದರ ಹೊಳಪು ಹೋಗಿ ಹಾಲಿನ ಬಿಳಿ ಬರುತ್ತಿತ್ತು. ಎಲ್ಲರೂ ಕೆಳಗೆ ಕಲ್ಲನ್ನೇ ನೋಡುತ್ತಿದ್ದಾಗ ಅವರು ಮೇಲೆ ಬೆರಳು ತೋರಿಸುತ್ತಿದ್ದರು. ಪ್ರನಾಳದ ತಣ್ಣನೆಯ ತುದಿಯಲ್ಲಿ ನೀರಿನ ಹನಿಗಳು. ಕಲ್ಲಿನಿಂದ ಬಂದ ನೀರು. ಒಂದು ಹನಿ ಗಾಜಿನ ಮೇಲೆ ಜಾರಿ ಬರುವುದನ್ನು ಕ್ಲಾಸೆಲ್ಲ ಉಸಿರು ಹಿಡಿದು ನೋಡುತ್ತಿತ್ತು. 100 ಗ್ರಾಂ ಸ್ಟಿಲ್ಬೈಟಿನಲ್ಲಿ 17-18 ಗ್ರಾಂ ನೀರೇ ಇರುತ್ತದೆ. ಜಿಯೋಲೈಟಿನ ಒಳಗೆ ಅಣುಗಳಷ್ಟೇ ಅಗಲದ ಓಣಿಗಳಿವೆ. ನೀರು ಅಲ್ಲಿ ಕೂತಿರುತ್ತದೆ. ಕಾಯಿಸಿದರೆ ಎದ್ದು ಹೋಗುತ್ತದೆ. ಚೌಕಟ್ಟು ಕೆಡದಿದ್ದರೆ ಓಣಿಗಳು ಹಾಗೇ ಇರುತ್ತವೆ, ಬೇರೆ ಯಾರಾದರೂ ಬಂದು ಕೂರಬಹುದು.

ಆಕ್ಸಿಜನ್ ಮೆಷಿನ್ ಅಂದಿರಲ್ಲ, ಅಲ್ಲಿ ಓದುತ್ತಾ ನಿಂತುಬಿಟ್ಟೆ. ಮನೆಯಲ್ಲಿಡುವ ಆ ಮೆಷಿನ್ನಿನೊಳಗೆ ಇರುವುದು ಜಿಯೋಲೈಟ್. ಗಣಿಯಿಂದ ತಂದದ್ದಲ್ಲ, ಕಾರ್ಖಾನೆಯಲ್ಲಿ ಮಾಡಿದ್ದು, ಆದರೆ ಅದೇ ಗುಂಪು, ಅದೇ ಓಣಿಗಳು. ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್. ಗಾಳಿಯನ್ನು ಒತ್ತಿ ಜಿಯೋಲೈಟಿನ ಕಾಳುಗಳ ಮೂಲಕ ಬಿಟ್ಟರೆ ನೈಟ್ರೋಜನ್ ಅಲ್ಲಿ ಅಂಟಿಕೊಂಡು ಉಳಿಯುತ್ತದೆ, ಆಕ್ಸಿಜನ್ ಮುಂದೆ ಹೋಗುತ್ತದೆ. ಒತ್ತಡ ಇಳಿಸಿದರೆ ನೈಟ್ರೋಜನ್ ಬಿಟ್ಟುಹೋಗುತ್ತದೆ. ಮತ್ತೆ ಒತ್ತು, ಮತ್ತೆ ಬಿಡು. ಟುಸ್ ಟುಸ್ ಅನ್ನುವ ಆ ಸದ್ದು ಅದೇ. ಸರ್‌ಗೆ ಇದು ಖಂಡಿತ ಗೊತ್ತಿತ್ತು. ಜೀವಮಾನವಿಡೀ ಓದಿದ ಕಲ್ಲು ಕೊನೆಯ ಆರು ತಿಂಗಳು ಅವರಿಗೆ ಉಸಿರು ಸೋಸಿ ಕೊಟ್ಟಿತು. ನಿಮ್ಮ ಮಕ್ಕಳಿಗೆ ಅಜ್ಜನ ಕೆಲಸ ಏನಿತ್ತು ಅಂತ ಹೇಳಬೇಕಾದರೆ ಇಲ್ಲಿಂದ ಶುರು ಮಾಡಿ. ಆ ಸದ್ದು ಅವರಿಗೆ ನೆನಪಿರುತ್ತದೆ.

ಈಗ ಅಪಾಯದ ಪ್ರಶ್ನೆ. ಹತ್ತಿಯುಂಡೆಯ ಹಾಗೆ ಬೆಳ್ಳಗೆ, ಮುಟ್ಟಬೇಕು ಅನ್ನಿಸುವಂತೆ ಇರುವುದು ಬಹುಶಃ ಓಕೆನೈಟ್. ಅದು ಜಿಯೋಲೈಟ್ ಅಲ್ಲ, ಜೊತೆಯಲ್ಲಿ ಬೆಳೆಯುವ ನೆಂಟ. ಅದನ್ನು ಮುಟ್ಟಬೇಡಿ. ಒಂದು ಸಲ ಬೆರಳು ಒತ್ತಿದರೆ ಎಳೆಗಳು ಮಲಗಿಬಿಡುತ್ತವೆ, ಮತ್ತೆ ಏಳುವುದಿಲ್ಲ. ನೀರು ತಾಕಿದರೂ ಅಷ್ಟೇ. ಸೂಜಿಗಳ ಗೊಂಚಲಿನ ಹಾಗಿರುವುದು ಸ್ಕೊಲೆಸೈಟ್ ಅಥವಾ ಮೆಸೊಲೈಟ್. ಮುರಿದರೆ ಬೆರಳಿಗೆ ಚುಚ್ಚುತ್ತದೆ. ಉಣ್ಣೆಯ ನಾರಿನ ಹಾಗಿರುವ ಎರಿಯೊನೈಟ್ ಅನ್ನುವ ಒಂದು ಜಿಯೋಲೈಟ್ ಮಾತ್ರ ನಿಜಕ್ಕೂ ಕೆಟ್ಟದ್ದು. ಟರ್ಕಿಯ ಕಪ್ಪದೋಕಿಯಾದ ಕೆಲವು ಹಳ್ಳಿಗಳಲ್ಲಿ ಮನೆ ಕಟ್ಟಿದ ಕಲ್ಲಿನಲ್ಲೇ ಅದು ಇತ್ತು. ಅದರ ಧೂಳಿನಿಂದ ಅಲ್ಲಿಯ ಜನಕ್ಕೆ ಎದೆಗೂಡಿನ ಒಳಪದರದ ಕ್ಯಾನ್ಸರ್ ಬಂತು. ಆದ್ದರಿಂದ ನಿಯಮ ಸರಳ. ನಾರುನಾರಾಗಿರುವ ಯಾವ ಕಲ್ಲನ್ನೂ ಊದಬೇಡಿ, ಬ್ರಷ್ ಹಾಕಬೇಡಿ. ಅದರ ಚೀಟಿಯ ಸಮೇತ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಹೆಸರನ್ನು ಗೊತ್ತಿರುವವರು ನೋಡಿ ಹೇಳಲಿ. ಉಳಿದ ಕಲ್ಲುಗಳು ಮನೆಯಲ್ಲಿರುವುದಕ್ಕೆ ಹೆದರಬೇಕಾಗಿಲ್ಲ.

ತೊಳೆಯುವ ಮಾತಿಗೆ ಬರೋಣ. ಬೇಡ. ಆಸಿಡ್ ಅಂತೂ ಹತ್ತಿರವೂ ತರಬೇಡಿ. ಬಾತ್‌ರೂಮ್ ಆಸಿಡ್ ಬಿದ್ದರೆ ಕ್ಯಾಲ್ಸೈಟ್ ನೊರೆ ಬಂದು ಕರಗುತ್ತದೆ, ಎಷ್ಟೋ ಜಿಯೋಲೈಟುಗಳು ಅಂಟಾಗಿಬಿಡುತ್ತವೆ. ಬಿಸಿಲಿಗೂ ಇಡಬೇಡಿ. ನೇರಳೆ ಅಮೆಥಿಸ್ಟ್ ಇದ್ದರೆ ಬಿಸಿಲಿಗೆ ಬಣ್ಣ ಮಾಸುತ್ತದೆ. ಗಟ್ಟಿ ಹರಳಿನ ದೊಡ್ಡ ಕಲ್ಲುಗಳ ಧೂಳನ್ನು ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ಮೆಲ್ಲಗೆ ತೆಗೆದರೆ ಸಾಕು. ಯಾವುದಾದರೂ ಡಬ್ಬಿಯಲ್ಲಿ ಕಲ್ಲಿನ ಬದಲು ಬಿಳಿ ಪುಡಿ ಸಿಕ್ಕರೆ ಕೆಟ್ಟುಹೋಯಿತು ಅಂತ ಚೆಲ್ಲಬೇಡಿ. ಅದು ಲಾಮೊಂಟೈಟ್ ಇರಬಹುದು. ಒಣ ಗಾಳಿಯಲ್ಲಿ ತನ್ನ ನೀರು ಕಳೆದುಕೊಂಡು ತಾನಾಗಿ ಪುಡಿಯಾಗುವ ಜಿಯೋಲೈಟ್ ಅದು. ಪುಡಿಯಾದರೂ ಅದರ ಊರು ಬದಲಾಗುವುದಿಲ್ಲ. ಚೀಟಿ ಇದ್ದರೆ ಅದರಿಂದ ಈಗಲೂ ಕೆಲಸವಿದೆ.

ಸರ್ ಈ ಕಲ್ಲುಗಳನ್ನು ಹೇಗೆ ಕೂಡಿಸಿದರು ಅನ್ನುವುದು ನಿಮ್ಮ ಮನೆಯವರಿಗೆ ಎಷ್ಟು ಗೊತ್ತೋ ತಿಳಿಯದು. ಒಂದನ್ನೂ ಕೊಂಡು ತಂದದ್ದಲ್ಲ. ಪುಣೆ ಬೆಳೆಯುತ್ತಿದ್ದ ಕಾಲ. ಊರ ಸುತ್ತ ಎಲ್ಲಿ ನೋಡಿದರೂ ಖಡಿ, ಅಂದರೆ ಜಲ್ಲಿ ಕ್ವಾರಿ. ಪಾಷಾಣ್, ವಾಘೋಲಿ, ಎಲ್ಲ ಕಡೆ ಕರಿಕಲ್ಲು ಸಿಡಿಸಿ ಮನೆಗೆ, ರಸ್ತೆಗೆ ಖಡಿ ಮಾಡುತ್ತಿದ್ದರು. ಪಾಷಾಣ್ ಅಂದರೆ ನಮ್ಮ ಕಿವಿಗೆ ಇಲಿ ಪಾಷಾಣವೇ ಕೇಳಿಸುವುದು. ಆದರೆ ಖನಿಜ ಬಲ್ಲವರಿಗೆ ಆ ಹೆಸರು ಕೇಳಿದರೆ ಹಸಿರು ಅಪೋಫಿಲೈಟ್ ಕಣ್ಣಮುಂದೆ ಬರುತ್ತದೆ. ತಿಳಿನೀರಿಗೆ ಒಂದು ಹನಿ ಹಸಿರು ಬಿಟ್ಟ ಹಾಗಿನ ಹರಳು. ಅದಕ್ಕೆ ಆ ಬಣ್ಣ ಕೊಡುವುದು ಒಂದಿಷ್ಟೇ ಇಷ್ಟು ವನೇಡಿಯಂ ಅನ್ನುವ ಲೋಹ. ಭಾನುವಾರ ಬೆಳಿಗ್ಗೆ ಸರ್ ಹೆಗಲಿಗೆ ಬಟ್ಟೆ ಚೀಲ, ಸೊಂಟಕ್ಕೆ ಸುತ್ತಿಗೆ ಹಾಕಿಕೊಂಡು ಪಿ.ಎಂ.ಟಿ. ಬಸ್ ಹತ್ತುತ್ತಿದ್ದರು. ನಾವು ನಾಲ್ಕೈದು ಜನ ಹಿಂದೆ.

ಕ್ವಾರಿಯಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕೂಲಿಯವರು ಬಹಳ ಜನ ಇದ್ದರು. ಸರ್ ಅವರ ಜೊತೆ ಅಪ್ಪಟ ನಮ್ಮ ಕಡೆಯ ಕನ್ನಡದಲ್ಲಿ ಮಾತಾಡುತ್ತಿದ್ದರು. ಕ್ಲಾಸಿನಲ್ಲಿ ಇಂಗ್ಲಿಷ್, ಮಾರ್ಕೆಟ್ಟಿನಲ್ಲಿ ಮರಾಠಿ, ಕ್ವಾರಿಯಲ್ಲಿ ಕನ್ನಡ. ಮೊದಲು ಮಳೆ ಬೆಳೆ, ಊರಿನ ಸುದ್ದಿ. ಚಹಾ ಆದ ಮೇಲೆ ಕಲ್ಲಿನ ಮಾತು. ಯಾವ ಗೂಡು ಒಡೆಯಿತು, ಎಷ್ಟು ಆಳದಲ್ಲಿ, ಅದರ ಮೇಲಿನ ಬಂಡೆ ಕೆಂಪಗಿತ್ತೋ ಕಪ್ಪಗಿತ್ತೋ. ಮದ್ದು ಇಟ್ಟು ಬಂಡೆ ಸಿಡಿಸುವ ಮೇಸ್ತ್ರಿಗೆ ಗೊತ್ತಿದ್ದಷ್ಟು ನಮ್ಮ ಪುಸ್ತಕಕ್ಕೆ ಗೊತ್ತಿರಲಿಲ್ಲ. ಸರ್ ಅದನ್ನೆಲ್ಲ ನಿಂತಲ್ಲೇ ಬರೆದುಕೊಳ್ಳುತ್ತಿದ್ದರು. ಯಾರು ಹೇಳಿದ್ದು, ಯಾರ ಕೈಯಿಂದ ಬಂದದ್ದು ಅಂತಲೂ ಬರೆಯುತ್ತಿದ್ದರು. ನಿಮ್ಮ ಚೀಟಿಗಳಲ್ಲಿ ನೋಡಿ, ಮೇಸ್ತ್ರಿ ಕೊಟ್ಟದ್ದು, ಟ್ರಕ್ ಡ್ರೈವರ್ ತೋರಿಸಿದ್ದು ಅನ್ನುವ ಸಾಲುಗಳು ಸಿಗುತ್ತವೆ. ಅವರ ವಿದ್ಯೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ್ದು ಇದೇ. ಕಲ್ಲು ಒಡೆದವನ ಪಾಲನ್ನು ಅವರು ಚೀಟಿಯಿಂದ ಬಿಡಲಿಲ್ಲ.

ಆ ಕ್ವಾರಿಗಳಲ್ಲಿ ಬಹಳಷ್ಟು ಈಗ ಇಲ್ಲ. ಕೆಲವು ತುಂಬಿ ಮೇಲೆ ಹೌಸಿಂಗ್ ಸೊಸೈಟಿಗಳು ಎದ್ದಿವೆ. ಕೆಲವು ನೀರು ನಿಂತ ಹೊಂಡ. ವೇತಾಳ ಟೇಕಡಿ ಅನ್ನುವ ಗುಡ್ಡದ ಹಳೇ ಕ್ವಾರಿಯ ಅಂಚಿನಲ್ಲಿ ಈಗ ಜನ ಬೆಳಿಗ್ಗೆ ವಾಕಿಂಗ್ ಮಾಡುತ್ತಾರೆ. ಮತ್ತೆ ಹೋಗಿ ಅದೇ ಗೂಡಿನಿಂದ ಅದೇ ಹರಳು ತರಲು ಸಾಧ್ಯವಿಲ್ಲ. ಮುಚ್ಚಿಹೋದ ಕ್ವಾರಿಯ ಕೆಳಗಿನ ಪದರದಲ್ಲಿ ಏನಿತ್ತು ಅಂತ ನಾಳೆ ಒಬ್ಬ ಹುಡುಗಿ ತಿಳಿಯಬೇಕು ಅಂದರೆ ಅವಳಿಗೆ ನಿಮ್ಮ ಮನೆಯ ಬೆಂಕಿಪೊಟ್ಟಣವೇ ಗತಿ. ಇದನ್ನು ನಾನು ಹೆಚ್ಚು ಮಾಡಿ ಹೇಳುತ್ತಿಲ್ಲ.

ಕಲ್ಲಿನಷ್ಟೇ ಮುಖ್ಯವಾದ ಇನ್ನೆರಡು ವಸ್ತು ಆ ಕೋಣೆಯಲ್ಲಿ ಇರಲೇಬೇಕು, ಹುಡುಕಿ. ಒಂದು, ಫೀಲ್ಡ್ ನೋಟ್‌ಬುಕ್ಕುಗಳು. ಮೇಲೆ ರಟ್ಟು, ಅಂಚಿಗೆ ಮಣ್ಣು, ಒಳಗೆ ಪೆನ್ಸಿಲ್ ಬರಹ. ಚೀಟಿಯ ನಂಬರಿನ ಪೂರ್ತಿ ಕಥೆ ಅದರಲ್ಲಿರುತ್ತದೆ. ಇನ್ನೊಂದು, ಗಾಜಿನ ಸ್ಲೈಡುಗಳ ಮರದ ಪೆಟ್ಟಿಗೆ. ಕಲ್ಲನ್ನು ಉಜ್ಜಿ ಉಜ್ಜಿ 0.03 ಮಿಲಿಮೀಟರ್ ದಪ್ಪಕ್ಕೆ ತಂದು ಗಾಜಿಗೆ ಅಂಟಿಸಿರುತ್ತಾರೆ. ಅಷ್ಟು ತೆಳ್ಳಗಾದರೆ ಕರಿಕಲ್ಲಿನ ಮೂಲಕವೂ ಬೆಳಕು ಹಾಯುತ್ತದೆ. ನೋಡಲು ಸುಮ್ನೆ ಕೊಳೆ ಹಿಡಿದ ಗಾಜು. ಒಂದೊಂದಕ್ಕೂ ಒಂದು ಮಧ್ಯಾಹ್ನ ಹೋಗಿರುತ್ತದೆ. ಅವರ ಲೇಖನಗಳ ಪ್ರತಿಗಳೂ ಇರುತ್ತವೆ. ಯಾವ ಕಲ್ಲಿನ ನಂಬರ್ ಅಚ್ಚಾದ ಲೇಖನದಲ್ಲಿ ಬಂದಿದೆಯೋ ಆ ಕಲ್ಲನ್ನು ಮೊದಲು ಬೇರೆ ಗುರುತು ಮಾಡಿ. ಅವರ ಮಾತಿಗೆ ಅದೇ ಸಾಕ್ಷಿ.

ನಾಲ್ಕು ತಿಂಗಳು ಸಾಕು. ಹೀಗೆ ಮಾಡಿ. ದಿನಕ್ಕೆ ಒಂದು ಗಂಟೆ, ಇಬ್ಬರು ಕೂತುಕೊಳ್ಳಿ. ಒಂದು ಸಲಕ್ಕೆ ಒಂದೇ ಪೊಟ್ಟಣ ತೆಗೆಯಿರಿ. ಕಲ್ಲು, ಚೀಟಿ, ಪಕ್ಕಕ್ಕೊಂದು ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಚೀಟಿಯ ಹಿಂಬದಿಯನ್ನೂ. ಚೀಟಿಯಲ್ಲಿದ್ದದ್ದನ್ನು ಅಕ್ಷರ ಬದಲಿಸದೆ ಒಂದು ಪಟ್ಟಿಗೆ ಇಳಿಸಿ. ಸ್ಪೆಲ್ಲಿಂಗ್ ತಪ್ಪಿದ್ದರೆ ತಪ್ಪೇ ಇರಲಿ. ಪ್ರಶ್ನೆಚಿಹ್ನೆ ಇದ್ದರೆ ಅದನ್ನೂ ಬರೆಯಿರಿ. ಸರ್ ಅವರ ಪ್ರಶ್ನೆಚಿಹ್ನೆಗೆ ಬೆಲೆ ಇದೆ. ಪೆಂಟಗೊನೈಟ್ ಅಂತ ಒಂದು ಖನಿಜದ ಹೆಸರು ಬರೆದು ಮುಂದೆ ಪ್ರಶ್ನೆಚಿಹ್ನೆ ಹಾಕಿದ್ದರೆ, ಅವರು ನೋಡಿದರು, ಅನುಮಾನಪಟ್ಟರು, ಪರೀಕ್ಷೆಗೆ ಕಾದರು ಅಂತ ಅರ್ಥ. ಅದನ್ನು ಅಳಿಸಿದರೆ ಅವರು ಹೇಳದ ಮಾತನ್ನು ಅವರ ಬಾಯಿಗೆ ತುರುಕಿದ ಹಾಗೆ. ಚೀಟಿ ಇಲ್ಲದ ಕಲ್ಲಿನ ಜಾಗ ಖಾಲಿ ಬಿಡಿ, ಊಹೆ ಬರೆಯಬೇಡಿ. ದೊಡ್ಡ ಕಲ್ಲಿನ ತಳದಲ್ಲಿ, ಹರಳಿಲ್ಲದ ಕಡೆ, ಬಿಳಿ ಪೇಂಟಿನ ಚುಕ್ಕೆ ಇಟ್ಟು ಕಪ್ಪು ಇಂಕಿನಲ್ಲಿ ನಂಬರ್ ಬರೆದು, ಒಣಗಿದ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ. ಸರ್ ತಾವೇ ಹಾಗೆ ಮಾಡಿರುವ ಕಲ್ಲುಗಳು ಸಿಗುತ್ತವೆ, ಅವುಗಳನ್ನು ನೋಡಿ ಮಾಡಿ. ಮಕ್ಕಳನ್ನೂ ಕೂರಿಸಿಕೊಳ್ಳಿ. ಅವರಿಗೆ ಚೀಟಿ ಓದುವ ಕೆಲಸ ಕೊಡಿ. ಅಜ್ಜನ ಅಕ್ಷರ ಗುರುತು ಹತ್ತುತ್ತದೆ.

ಮಾರುವ ವಿಷಯ. ನಿಮಗೆ ದುಡ್ಡಿನ ಕಷ್ಟ ಇದ್ದರೆ ಮಾರುವುದು ತಪ್ಪು ಅಂತ ನಾನು ಹೇಳುವವನಲ್ಲ. ಆದರೆ ವ್ಯಾಪಾರಿಗಳು ಬಂದು ಚಂದದ ಹತ್ತು ಆರಿಸಿಕೊಂಡು ಹೋಗುತ್ತಾರೆ. ಉಳಿದ ಹದಿಮೂರು ಪೆಟ್ಟಿಗೆ ನಿಮ್ಮ ಕೈಯಲ್ಲಿ ಅನಾಥ. ಸಂಗ್ರಹ ಅನ್ನುವುದು ಒಟ್ಟಿಗೆ ಇದ್ದರೆ ಮಾತ್ರ ಸಂಗ್ರಹ. ನನ್ನನ್ನು ಕೇಳಿದರೆ, ಖನಿಜ ಕಲಿಸುವ ಒಂದು ವಿಭಾಗಕ್ಕೆ ಎಲ್ಲವನ್ನೂ ಕೊಡಿ. ಪುಣೆಯಲ್ಲಿ ಫರ್ಗ್ಯುಸನ್ ಕಾಲೇಜು, ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯ, ಎರಡರಲ್ಲೂ ಭೂವಿಜ್ಞಾನ ಇದೆ. ನಾಶಿಕ್ ಹತ್ತಿರದ ಸಿನ್ನರಿನಲ್ಲಿ ಗಾರಗೋಟಿ ಅನ್ನುವ ಖನಿಜ ಮ್ಯೂಸಿಯಂ ಇದೆ. ಒಮ್ಮೆ ಮನೆಯವರೆಲ್ಲ ಹೋಗಿ ನೋಡಿ ಬನ್ನಿ, ಕಲ್ಲನ್ನು ಹೇಗೆ ಇಡಬೇಕು ಅಂತ ಕಣ್ಣಿಗೆ ಕಾಣುತ್ತದೆ. ಎಲ್ಲಿಗೆ ಕೊಟ್ಟರೂ ಬರಹದಲ್ಲಿ ಕೊಡಿ. ಪಟ್ಟಿಯ ಒಂದು ಪ್ರತಿಗೆ ಅವರ ಸಹಿ ಇರಲಿ. ಕಲ್ಲು, ಚೀಟಿ, ನೋಟ್‌ಬುಕ್, ಸ್ಲೈಡ್ ಯಾವತ್ತೂ ಬೇರೆ ಮಾಡುವುದಿಲ್ಲ, ವಿದ್ಯಾರ್ಥಿಗಳಿಗೆ ನೋಡಲು ಕೊಡುತ್ತೇವೆ ಅನ್ನುವ ಎರಡು ಸಾಲು ಅದರಲ್ಲಿರಲಿ. ಆ ಎರಡು ಸಾಲಿಗೆ ಒಪ್ಪದವರಿಗೆ ಕೊಡಬೇಡಿ. ಎಷ್ಟೇ ದೊಡ್ಡ ಹೆಸರಿರಲಿ.

ಬಹುಮಾನ ಇಡುವುದು ಒಳ್ಳೆಯದೇ. ಆದರೆ ಆ ದುಡ್ಡನ್ನು ಮೊದಲು ಕಪಾಟಿಗೆ ಹಾಕಿ. ಗಟ್ಟಿ ಡ್ರಾಯರುಗಳ, ಬೀಗ ಇರುವ ಎರಡು ಕಪಾಟು. ಮಿಕ್ಕರೆ ಒಬ್ಬ ವಿದ್ಯಾರ್ಥಿಗೆ ಒಂದು ಬೇಸಿಗೆ ಕೂಲಿ ಕೊಟ್ಟು ಪಟ್ಟಿ ಪೂರ್ತಿ ಮಾಡಿಸಿ. ಸರ್‌ಗೆ ಹಾರ ಹಾಕಿಸಿಕೊಳ್ಳುವುದು ಅಂದರೆ ಆಗುತ್ತಿರಲಿಲ್ಲ. ನಿವೃತ್ತಿಯ ದಿನ ಸನ್ಮಾನ ಮುಗಿದ ತಕ್ಷಣ ಶಾಲು ಮಡಚಿ ಲ್ಯಾಬಿಗೆ ಹೋಗಿ ಅಲ್ಲಿಯ ದೊಡ್ಡ ಸ್ಕೊಲೆಸೈಟಿನ ಮೇಲೆ ಧೂಳು ಬೀಳದ ಹಾಗೆ ಹೊದಿಸಿ ಬಂದರು ಅಂತ ಕೇಳಿದ್ದೇನೆ.

ಇನ್ನು 212.

ಯಾರೂ ಕದ್ದಿಲ್ಲ. ಅದು ನನ್ನ ಹತ್ತಿರ ಇದೆ.

ತಿಳಿ ನೀಲಿಯಲ್ಲ, ಆಕಾಶ ನೀಲಿಯಲ್ಲ, ದಟ್ಟ ನೀಲಿ. ಕ್ಯಾವನ್ಸೈಟ್. ಕ್ಯಾಲ್ಸಿಯಂ, ವನೇಡಿಯಂ, ಸಿಲಿಕೇಟ್, ಮೂರರ ಮೊದಲ ಅಕ್ಷರಗಳು ಸೇರಿ ಆದ ಹೆಸರು. ಅಮೆರಿಕದ ಓರೆಗಾನಿನಲ್ಲಿ ಮೊದಲು ಸಿಕ್ಕಿತು, 1973ರಲ್ಲಿ ಹೊಸ ಖನಿಜ ಅಂತ ವಿವರ ಬಂತು. ಆದರೆ ಜಗತ್ತಿಗೆ ಅದರ ಚಂದ ಗೊತ್ತಾದದ್ದು ನಮ್ಮ ವಾಘೋಲಿಯಿಂದ. 1988-89ರ ಸುಮಾರಿಗೆ ಅಲ್ಲಿಯ ಕ್ವಾರಿಗಳಲ್ಲಿ ಜಾಸ್ತಿ ಸಿಗತೊಡಗಿತು. ಕೆನೆಬಣ್ಣದ ಸ್ಟಿಲ್ಬೈಟಿನ ಮೇಲೆ ನೀಲಿ ಉಂಡೆಗಳು. ಇವತ್ತಿಗೂ ಜಗತ್ತಿನ ಮ್ಯೂಸಿಯಮ್ಮುಗಳಲ್ಲಿ ಕ್ಯಾವನ್ಸೈಟ್ ಕಂಡರೆ ಅದರ ಕೆಳಗೆ ಹೆಚ್ಚಾಗಿ ವಾಘೋಲಿ ಅಂತಲೇ ಇರುತ್ತದೆ.

ನನ್ನ ಹತ್ತಿರ ಇರುವುದು ಹೆಬ್ಬೆರಳಿನ ಉಗುರಿನಷ್ಟು. ಬಿಳಿಯ ಮೇಲೆ ಒಂದೇ ಒಂದು ನೀಲಿ ಉಂಡೆ, ಒಂದು ಪಕ್ಕ ಸ್ವಲ್ಪ ಮುಕ್ಕಾಗಿದೆ. ಕೋರ್ಸ್ ಮುಗಿಸಿ ಮೊದಲ ಕೆಲಸಕ್ಕೆ ಊರು ಬಿಡುವ ಹಿಂದಿನ ಸಂಜೆ ಸರ್ ಅದನ್ನು ಪೊಟ್ಟಣದಿಂದ ತೆಗೆದು ನನ್ನ ಅಂಗೈಗಿಟ್ಟರು. ಚೀಟಿಯನ್ನು ತಾವೇ ಇಟ್ಟುಕೊಂಡರು. ಎಲ್ಲಿಯದು ಅಂತ ಯಾರಾದರೂ ಕೇಳಿದರೆ ಹೇಳಲು ಬರಬೇಕು, ನೆನಪಿಟ್ಟುಕೋ ಅಂದರು. ಅದರ ತಳದಲ್ಲಿ ಬಿಳಿ ಚುಕ್ಕೆ, ಚುಕ್ಕೆಯ ಮೇಲೆ ಅವರ ಅಕ್ಷರದಲ್ಲಿ 212. ಇಷ್ಟು ವರ್ಷ ನನ್ನ ಮೇಜಿನ ಮೇಲಿದೆ. ವಾಘೋಲಿ ಅನ್ನುವುದು ನೆನಪಿದೆ. ಎಷ್ಟನೇ ಕ್ವಾರಿ, ಯಾವ ಪದರ, ಯಾರು ಕೊಟ್ಟದ್ದು, ಅದು ಮರೆತುಹೋಗಿದೆ. ಸರ್ ಇದ್ದಾಗಲೇ ಹೋಗಿ ಕೇಳಬೇಕಿತ್ತು. ಇವತ್ತು ನಾಳೆ ಅಂತ ಮುಂದೂಡಿದೆ.

ಚೀಟಿ ಅಲ್ಲೇ ಇರಲಿ, ತೆಗೆಯಬೇಡಿ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಬರುತ್ತೇನೆ, ಕಲ್ಲು ತರುತ್ತೇನೆ. ಪಟ್ಟಿ ಶುರು ಮಾಡುವುದಾದರೆ ಅದರಿಂದಲೇ ಮಾಡೋಣ. ಚೀಟಿಯನ್ನು ನಿಮ್ಮ ಮಕ್ಕಳು ಓದಲಿ.